ಕೊಲೊನಿಯಾ ಡಿಗ್ನಿದಾದ್: ಪದೇ ಪದೇ ಕೇಳುವ ಪ್ರಶ್ನೆಗಳು

ಚಿಲಿ ದೇಶದ ಈ ಜರ್ಮನ್ ವಸಾಹತಿನ ಬಗ್ಗೆ ಎಲ್ಲೇ ಮಾತೆತ್ತಿದರೂ ಕೆಲವು ಪ್ರಶ್ನೆಗಳು ಮತ್ತೆ ಮತ್ತೆ ಬರುತ್ತವೆ. ಮದುವೆ ಊಟದ ಪಂಕ್ತಿಯಲ್ಲಿ, ಪತ್ರದಲ್ಲಿ, ರಾತ್ರಿ ಹನ್ನೊಂದಕ್ಕೆ ಬರುವ ವಾಟ್ಸಾಪ್ ಮೆಸೇಜಿನಲ್ಲಿ. ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಹೇಳಿ ಸಾಕಾಗಿ, ಎಲ್ಲವನ್ನೂ ಇಲ್ಲಿ ಒಟ್ಟಿಗೆ ಹಾಕಿದ್ದೇನೆ. ಕೇಳಿದವರ ಮಾತನ್ನು ಆದಷ್ಟು ಹಾಗೇ ಉಳಿಸಿಕೊಂಡಿದ್ದೇನೆ. ಒಳಗಿದ್ದು ಬದುಕಿ ಬಂದವರ ಹೆಸರುಗಳನ್ನು ಮಾತ್ರ ಬೇಕಂತಲೇ ಬಿಟ್ಟಿದ್ದೇನೆ. ಇದರಲ್ಲಿ ಮಕ್ಕಳ ಮೇಲಿನ ದೌರ್ಜನ್ಯದ ವಿಷಯ ಬರುತ್ತದೆ. ಓದೋಕೆ ಕಷ್ಟ ಅನ್ನಿಸುವವರು ಎರಡನೇ ಭಾಗ ದಾಟಿ ಮುಂದಕ್ಕೆ ಹೋಗಬಹುದು.

## ಮೊದಲ ಪರಿಚಯ

ಏನಿದು ಕೊಲೊನಿಯಾ ಡಿಗ್ನಿದಾದ್? ನಾನು ಹೆಸರೇ ಕೇಳಿಲ್ಲ.

1961ರಲ್ಲಿ ಜರ್ಮನಿಯಿಂದ ಚಿಲಿಗೆ ವಲಸೆ ಹೋದ ಒಂದು ಕ್ರೈಸ್ತ ಗುಂಪು ಕಟ್ಟಿಕೊಂಡ ಊರು. ಸ್ಪ್ಯಾನಿಷ್‌ನಲ್ಲಿ 'ಡಿಗ್ನಿದಾದ್' ಅಂದರೆ ಘನತೆ. ಸರ್ಕಾರಿ ಕಾಗದದಲ್ಲಿ ಅದೊಂದು ಸೇವಾ ಮತ್ತು ಶಿಕ್ಷಣ ಸಂಸ್ಥೆ. ಹೊರಗಿನವರ ಕಣ್ಣಿಗೆ ಬೀಳುತ್ತಿದ್ದದ್ದು ಗೆರೆ ಹೊಡೆದ ಹಾಗಿರುವ ಗೋಧಿ ಹೊಲ, ಬಡವರಿಗೆ ಪುಕ್ಕಟೆ ಆಸ್ಪತ್ರೆ, ಜಡೆ ಹೆಣೆದುಕೊಂಡು ಏಪ್ರನ್ ಕಟ್ಟಿದ ಹೆಂಗಸರು, ಬಂದವರಿಗೆಲ್ಲ ಹಾಡಿ ತೋರಿಸುವ ಮಕ್ಕಳ ಮೇಳ. ಆ ಹಾಡುವ ಮಕ್ಕಳಲ್ಲಿ ಬಹಳಷ್ಟು ಹುಡುಗರ ಮೇಲೆ ಊರಿನ ಮುಖ್ಯಸ್ಥನೇ ಲೈಂಗಿಕ ದೌರ್ಜನ್ಯ ಮಾಡುತ್ತಿದ್ದ. ದೊಡ್ಡವರು ಸಂಬಳವಿಲ್ಲದೆ ದುಡಿಯುತ್ತಿದ್ದರು. 1973ರ ನಂತರ ಚಿಲಿಯ ರಹಸ್ಯ ಪೊಲೀಸರು ರಾಜಕೀಯ ಕೈದಿಗಳನ್ನು ತಂದು ಹಿಂಸಿಸುವುದಕ್ಕೂ ಇದೇ ಜಾಗ ಬಳಕೆಯಾಯಿತು. ಇದೆಲ್ಲ 1990ರ ದಶಕದ ಕೊನೆಯವರೆಗೂ, ಅಂದರೆ 35 ವರ್ಷಕ್ಕೂ ಜಾಸ್ತಿ ನಡೆಯಿತು.

ಎಲ್ಲಿದೆ? ಎಷ್ಟು ದೊಡ್ಡದು?

ರಾಜಧಾನಿ ಸ್ಯಾಂಟಿಯಾಗೋದಿಂದ ದಕ್ಷಿಣಕ್ಕೆ ಮೊದಲು ಪರ್ರಾಲ್ ಎಂಬ ಪಟ್ಟಣಕ್ಕೆ ಹೋಗಬೇಕು. ಹೆಚ್ಚುಕಮ್ಮಿ ಬೆಂಗಳೂರಿನಿಂದ ಮಂಗಳೂರಿಗೆ ಆಗುವಷ್ಟು ದೂರ. ಕವಿ ಪಾಬ್ಲೊ ನೆರೂಡಾ ಹುಟ್ಟಿದ್ದು ಈ ಪರ್ರಾಲ್‌ನಲ್ಲೇ. ಅಲ್ಲಿಂದ ಪೂರ್ವಕ್ಕೆ, ಆಂಡಿಸ್ ಬೆಟ್ಟಗಳ ಬುಡಕ್ಕೆ ಮಣ್ಣು ರಸ್ತೆ ಹಿಡಿದರೆ ಪೆರ್ಕಿಲಾಕೆನ್ ನದಿಯ ದಂಡೆಯಲ್ಲಿ ಈ ಜಮೀನು. ಶುರುವಿನಲ್ಲಿ ಕೊಂಡದ್ದು ಒಂದು ಪಾಳುಬಿದ್ದ ಎಸ್ಟೇಟ್. ಬೆಳೆಯುತ್ತಾ 13,000 ಹೆಕ್ಟೇರ್ ದಾಟಿತು. ನಮ್ಮ ಲೆಕ್ಕದಲ್ಲಿ 32,000 ಎಕರೆಗೂ ಮೇಲೆ. ಇದ್ದ ಜನ ಮಾತ್ರ ಸುಮಾರು 300. ಸ್ವಂತ ವಿಮಾನ ಇಳಿದಾಣ, ಬೇಕರಿ, ಗಿರಣಿ, ಶಾಲೆ ಎಲ್ಲ ಒಳಗೇ ಇದ್ದವು.

ಕಟ್ಟಿದ್ದು ಯಾರು? ಪಾದ್ರಿಯಾ?

ಪೌಲ್ ಷೇಫರ್. 1921ರಲ್ಲಿ ಜರ್ಮನಿಯ ಬಾನ್ ನಗರದ ಕಡೆ ಹುಟ್ಟಿದವನು. ದೀಕ್ಷೆ ಪಡೆದ ಪಾದ್ರಿ ಅಲ್ಲ. ಎರಡನೇ ಮಹಾಯುದ್ಧದಲ್ಲಿ ಸೇನೆಯ ವೈದ್ಯಕೀಯ ಸಹಾಯಕನಾಗಿದ್ದ. ಒಂದು ಕಣ್ಣು ಗಾಜಿನದು. ಯುದ್ಧದ ಗಾಯ ಅಂತ ಜನ ನಂಬಿದ್ದರು, ಆದರೆ ಚಿಕ್ಕವನಿದ್ದಾಗ ಶೂ ಲೇಸಿನ ಗಂಟು ಬಿಚ್ಚೋಕೆ ಹೋಗಿ ಫೋರ್ಕಿನಿಂದ ಕಣ್ಣಿಗೆ ಚುಚ್ಚಿಕೊಂಡಿದ್ದು ಅಂತ ಅವನ ಬಗ್ಗೆ ಬರೆದವರು ಹೇಳುತ್ತಾರೆ.

ಯುದ್ಧ ಮುಗಿದ ಮೇಲೆ ಚರ್ಚಿನ ಯುವಕರ ಗುಂಪುಗಳನ್ನು ನೋಡಿಕೊಳ್ಳುವ ಕೆಲಸ ಹಿಡಿದ. ಹುಡುಗರ ಜೊತೆ ಅವನ ನಡತೆ ಸರಿಯಿಲ್ಲ ಎಂಬ ಅನುಮಾನದ ಮೇಲೆ ತೆಗೆದುಹಾಕಿದರು. ಪೊಲೀಸರಿಗೆ ಯಾರೂ ಹೇಳಲಿಲ್ಲ. ಅವನು ಗಿಟಾರ್ ಹೆಗಲಿಗೇರಿಸಿಕೊಂಡು ಊರೂರು ಸುತ್ತಿ ತನ್ನದೇ ಹಿಂಬಾಲಕರನ್ನು ಸೇರಿಸಿದ. 1950ರ ದಶಕದ ನಡುವೆ ಸೀಗ್‌ಬುರ್ಗ್ ಹತ್ತಿರ ಒಂದು ಮಕ್ಕಳ ಮನೆ ತೆರೆದ. ಜರ್ಮನ್ ಭಾಷೆಯಲ್ಲಿ 'ಷೇಫರ್' ಅಂದರೆ ಕುರಿ ಕಾಯುವವನು. ಏನು ಹೇಳೋದು!

ಜರ್ಮನಿ ಬಿಟ್ಟು ಅಷ್ಟು ದೂರ ಯಾಕೆ ಹೋದರು?

ಹಿಂಬಾಲಕರನ್ನು ಕೇಳಿದರೆ ಒಂದು ಕಾರಣ, ಪೊಲೀಸರನ್ನು ಕೇಳಿದರೆ ಇನ್ನೊಂದು.

ಹಿಂಬಾಲಕರಲ್ಲಿ ತುಂಬಾ ಜನ ಯುದ್ಧದಲ್ಲಿ ಮನೆಮಠ ಕಳೆದುಕೊಂಡು ಪೂರ್ವದ ಕಡೆಯಿಂದ ಓಡಿ ಬಂದ, ಬ್ಯಾಪ್ಟಿಸ್ಟ್ ಎಂಬ ಕ್ರೈಸ್ತ ಪಂಗಡದ ಕುಟುಂಬದವರು. ರಷ್ಯನ್ ಸೈನ್ಯವನ್ನು ಕಣ್ಣಾರೆ ಕಂಡವರು. ಅದು ಶೀತಲ ಸಮರ ಬಿಸಿಯೇರಿದ್ದ ಕಾಲ. 'ಕಮ್ಯುನಿಸ್ಟರು ಇಲ್ಲಿಗೂ ಬರ್ತಾರೆ, ದೇವರು ನಮಗೆ ಬೇರೆ ನೆಲ ತೋರಿಸಿದ್ದಾನೆ' ಅಂದರೆ ನಂಬದೇ ಇರೋಕೆ ಅವರ ಬಳಿ ಕಾರಣವೇ ಇರಲಿಲ್ಲ. ಹ್ಯೂಗೊ ಬಾರ್ ಎಂಬ ಬ್ಯಾಪ್ಟಿಸ್ಟ್ ಬೋಧಕ ತನ್ನ ಸಭೆಯವರನ್ನೇ ಷೇಫರ್ ಬೆನ್ನಿಗೆ ತಂದು ನಿಲ್ಲಿಸಿದ. ಜನ ಮನೆ ಮಾರಿದರು, ದುಡ್ಡು ಗುಂಪಿಗೆ ಕೊಟ್ಟರು.

ಇನ್ನೊಂದು ಕಾರಣ: 1961ರಲ್ಲಿ ಮಕ್ಕಳ ಮನೆಯ ಹುಡುಗರ ಮೇಲಿನ ದೌರ್ಜನ್ಯದ ದೂರು ದಾಖಲಾಗಿ, ಷೇಫರ್ ಹೆಸರಿಗೆ ಬಂಧನದ ವಾರಂಟ್ ಹೊರಟಿತ್ತು. ಅವನು ಅದಕ್ಕೆ ಸಿಗದೆ ದೇಶ ಬಿಟ್ಟ.

ಚಿಲಿಯೇ ಯಾಕೆ? ಹಿಂದಿನ ವರ್ಷ, 1960ರ ಮೇ ತಿಂಗಳಲ್ಲಿ ಅಲ್ಲಿ 9.5 ತೀವ್ರತೆಯ ಭೂಕಂಪ ಆಗಿತ್ತು. ಈವರೆಗೆ ಅಳೆದ ಭೂಕಂಪಗಳಲ್ಲೇ ದೊಡ್ಡದು. ಅನಾಥ ಮಕ್ಕಳನ್ನು ನೋಡಿಕೊಳ್ಳುತ್ತೇವೆ ಅಂತ ಬರುವ ಜರ್ಮನ್ನರಿಗೆ ಯಾರು ಬೇಡ ಅಂತಾರೆ? ಜರ್ಮನಿಯಲ್ಲಿದ್ದ ಚಿಲಿಯ ರಾಯಭಾರಿಯೇ ಬಾಗಿಲು ತೆರೆದ.

ಅದು ನಾಜಿಗಳ ಅಡಗುತಾಣ ಅಂತ ಓದಿದ್ದೆ. ಹೌದಾ?

ಹಾಗೆ ಹೇಳಿದರೆ ಕಥೆ ಸುಲಭವಾಗುತ್ತದೆ, ಆದರೆ ದಾರಿ ತಪ್ಪುತ್ತದೆ. ಷೇಫರ್ ನಾಜಿ ಪಕ್ಷದ ದೊಡ್ಡ ತಲೆಯಲ್ಲ. ಬಂದವರಲ್ಲಿ ಹೆಚ್ಚಿನವರು ರೈತರು, ಬಡಗಿಗಳು, ವಿಧವೆಯರು ಮತ್ತು ಮಕ್ಕಳು. ಕುಖ್ಯಾತ ವೈದ್ಯ ಮೆಂಗೆಲೆ ಇಲ್ಲಿಗೆ ಬಂದಿದ್ದ ಎಂಬ ಕಥೆಗೆ ಪುರಾವೆ ಇಲ್ಲ. ಕಮ್ಯುನಿಸಂ ಮೇಲಿನ ದ್ವೇಷ, ಎದುರು ಮಾತಾಡದ ಶಿಸ್ತು ಆ ಕಾಲದಿಂದಲೇ ಬಂದವು, ನಿಜ. ಆದರೆ 'ನಾಜಿ' ಅಂದ ಕೂಡಲೇ ನಾವು ಅವರನ್ನು ಬೇರೆ ಗ್ರಹದವರನ್ನಾಗಿ ಮಾಡಿಬಿಡುತ್ತೇವೆ. ಭಾನುವಾರ ಚರ್ಚಿಗೆ ಹೋಗುವ ಸಾಮಾನ್ಯ ಮನೆಯವರು ಇಲ್ಲಿಗೆ ಬಂದದ್ದು ಹೇಗೆ ಅನ್ನೋದು ನನಗಂತೂ ಇನ್ನೂ ಹೆದರಿಕೆ ಹುಟ್ಟಿಸುವ ಪ್ರಶ್ನೆ.

ರಜನೀಶಪುರಂ ಥರಾನಾ ಇದೂ?

ನಮ್ಮವರು ತಪ್ಪದೇ ಕೇಳುವ ಪ್ರಶ್ನೆ. ಹೋಲಿಕೆ ಕಡಿಮೆ. ಅಮೆರಿಕದ ಒರೆಗಾನ್‌ನಲ್ಲಿದ್ದ ಓಶೋ ಶಿಷ್ಯರ ಊರು ರಜನೀಶಪುರಂ ನಡೆದದ್ದು 1981ರಿಂದ 1985ರವರೆಗೆ, ನಾಲ್ಕೈದು ವರ್ಷ ಮಾತ್ರ. ಹೋದವರಲ್ಲಿ ಹೆಚ್ಚಿನವರು ಓದಿದ, ತಾವಾಗಿ ಹೋದ ವಯಸ್ಕರು. ಅಲ್ಲಿನ ಸರ್ಕಾರ ಅವರ ಎದುರಿಗೆ ನಿಂತಿತ್ತು. ಇಲ್ಲಿ ಬಲಿಯಾದವರು ಮಕ್ಕಳು, ಮತ್ತು ಸರ್ಕಾರ ಬಹಳ ಕಾಲ ಬೇಲಿ ಹಾಕಿದವರ ಕಡೆಗೇ ಇತ್ತು.

## ಒಳಗಿನ ಬದುಕು

ಒಂದು ದಿನ ಹೇಗಿರ್ತಿತ್ತು?

ಬೆಳಕು ಹರಿಯುವ ಮೊದಲೇ ಎದ್ದು ಹೊಲ, ಕೊಟ್ಟಿಗೆ, ಕಲ್ಲಿನ ಕ್ವಾರಿ ಅಥವಾ ಅಡುಗೆಮನೆ. ಹನ್ನೆರಡು ಗಂಟೆ ಮೀರಿದ ಕೆಲಸ. ರಾತ್ರಿ ಹಾಡಿನ ಅಭ್ಯಾಸ ಅಥವಾ ಸಭೆ. ಕೂಲಿ ಇಲ್ಲ, ರಜೆ ಇಲ್ಲ. ಗಂಡಸರು ಒಂದು ಕಡೆ, ಹೆಂಗಸರು ಒಂದು ಕಡೆ, ಮಕ್ಕಳು ಇನ್ನೊಂದು ಕಡೆ. ಗಂಡ ಹೆಂಡತಿ ಒಂದೇ ಸೂರಿನಡಿ ಇರುವ ಹಾಗಿಲ್ಲ. ಮದುವೆಯಾಗಬೇಕಾದರೆ ಷೇಫರ್ ಒಪ್ಪಬೇಕು, ಅವನು ಸುಲಭಕ್ಕೆ ಒಪ್ಪುತ್ತಿರಲಿಲ್ಲ. ಎಷ್ಟೋ ಜನ ಮಕ್ಕಳಾಗುವ ವಯಸ್ಸು ಕಳೆದ ಮೇಲೆ ಮದುವೆಯಾದರು. ಹಾಗಾಗಿ ವರ್ಷಗಟ್ಟಲೆ ಆ ಊರಲ್ಲಿ ತೊಟ್ಟಿಲು ತೂಗಿದ್ದೇ ಅಪರೂಪ.

ಇಷ್ಟರ ನಡುವೆ ಸಂಗೀತ ಮಾತ್ರ ಜೋರಾಗಿತ್ತು. ಗಣ್ಯರು ಬಂದರೆ ವಾದ್ಯಮೇಳ, ಕಾಯಿರ್, ಬಿಳಿ ಮೇಜುಬಟ್ಟೆ, ಹಣ್ಣಿನ ಕೇಕು. ಮೇಳದಲ್ಲಿ ನಗುತ್ತಾ ಹಾಡಿದ ಹುಡುಗ ಹಿಂದಿನ ರಾತ್ರಿ ಏಟು ತಿಂದಿರುತ್ತಿದ್ದ.

ಅಪ್ಪ ಅಮ್ಮ ಅಲ್ಲೇ ಇದ್ರಲ್ಲ? ಮಕ್ಕಳಿಗೆ ಹಾಗಾಗೋಕೆ ಹೇಗೆ ಬಿಟ್ರು?

ಎಲ್ಲರೂ ಮೊದಲು ಕೇಳುವುದು ಇದನ್ನೇ, ಸ್ವಲ್ಪ ಸಿಟ್ಟಿನಿಂದಲೇ. ಕೇಳಬೇಕಾದ್ದೇ.

ಮೊದಲನೆಯದಾಗಿ, 'ಅಪ್ಪ', 'ಅಮ್ಮ' ಎಂಬ ಮಾತುಗಳನ್ನೇ ಅಲ್ಲಿ ಅಳಿಸಿಹಾಕಿದ್ದರು. ದೊಡ್ಡವರೆಲ್ಲ ಅಂಕಲ್, ಆಂಟಿ. ಷೇಫರ್ 'ಶಾಶ್ವತ ಅಂಕಲ್'. ಎಳೆಯ ಮಕ್ಕಳನ್ನು ತಾಯಿಯಿಂದ ಬೇರೆ ಮಾಡಿ, ಮಕ್ಕಳ ಮನೆಯಲ್ಲಿ ವಯಸ್ಸಿನ ಪ್ರಕಾರ ಗುಂಪು ಕಟ್ಟಿ ಬೆಳೆಸುತ್ತಿದ್ದರು. ದಿನಾ ಹೊಲದಲ್ಲಿ ಎದುರಾಗುವ ಹೆಂಗಸು ತನ್ನ ಹೆತ್ತ ತಾಯಿ ಎಂದು ಗೊತ್ತಿಲ್ಲದೆ ಬೆಳೆದವರಿದ್ದಾರೆ. ಕೆಲವು ಮಕ್ಕಳಂತೂ ಹೆತ್ತವರಿಗಿಂತ ಮೊದಲೇ ಜರ್ಮನಿಯಿಂದ ಇಲ್ಲಿಗೆ ಬಂದಿದ್ದರು, ಒಂದು ಒಪ್ಪಿಗೆ ಚೀಟಿಯ ಮೇಲೆ.

ಎರಡನೆಯದು ತಪ್ಪೊಪ್ಪಿಗೆ. ಮನಸ್ಸಿನಲ್ಲಿ ಬಂದ ಪ್ರತಿ ಕೆಟ್ಟ ಯೋಚನೆಯನ್ನೂ ಷೇಫರ್ ಮುಂದೆ ಹೇಳಬೇಕು. ಬೇರೆಯವರದ್ದು ಕಂಡರೆ ಅದನ್ನೂ ಹೇಳಬೇಕು. ಗಂಡ ಹೆಂಡತಿ ಮೇಲೆ, ಅಣ್ಣ ತಮ್ಮನ ಮೇಲೆ ಚಾಡಿ ಹೇಳುವುದೇ ಭಕ್ತಿ. ಹೀಗಿರುವಾಗ ಇಬ್ಬರು ಸೇರಿ ಅನುಮಾನ ಹಂಚಿಕೊಳ್ಳೋಕೆ ಜಾಗ ಎಲ್ಲಿ? 'ಗಂಡಸರ ಸಂಜೆ' ಅಂತ ಒಂದು ಸಭೆ ನಡೆಯುತ್ತಿತ್ತು. ತಪ್ಪು ಮಾಡಿದ್ದಾನೆ ಎನ್ನಿಸಿಕೊಂಡವನನ್ನು ನಡುವೆ ನಿಲ್ಲಿಸಿ ಉಳಿದವರು ಹೊಡೆಯಬೇಕು. ಕೈ ಎತ್ತದವನು ಮುಂದಿನ ಸರದಿಗೆ ತಯಾರಾಗಬೇಕು.

ಇನ್ನು ಷೇಫರ್‌ಗೆ ಓಡಾಡಿ ಕೆಲಸ ಮಾಡಿಕೊಡುವ ಹುಡುಗರಿದ್ದರು. 'ಸ್ಪ್ರಿಂಟರ್' ಅಂತ ಅವರಿಗೆ ಹೆಸರು. ಸಂದೇಶ ಒಯ್ಯುವುದು, ಶೂ ಕಟ್ಟುವುದು, ಸದಾ ಅವನ ಪಕ್ಕದಲ್ಲಿರುವುದು. ಊರಿನ ಕಣ್ಣಿಗೆ ಅದೊಂದು ಗೌರವ. ಆ ಹುಡುಗರಿಗೆ ಮಾತ್ರ ರಾತ್ರಿ ಅದರ ಅರ್ಥ ಬೇರೆ. ಹೇಳಿಕೊಂಡರೆ ನಂಬುವವರಿಲ್ಲ, ಹೇಳಿಕೊಳ್ಳುವುದಕ್ಕೆ ಪದಗಳೂ ಇರಲಿಲ್ಲ. ದೇಹದ ಬಗ್ಗೆ ಮಾತಾಡುವುದೇ ಅಲ್ಲಿ ಪಾಪ.

ಹೆತ್ತವರಲ್ಲಿ ಕೆಲವರಿಗೆ ಗೊತ್ತಿತ್ತೇ? ಕೆಲವರಿಗೆ ಗೊತ್ತಿತ್ತು. ಗೊತ್ತಿದ್ದೂ ನೋಡದೇ ಇದ್ದರು. ಅದನ್ನು ನಾನು ಮೆದು ಮಾಡಿ ಹೇಳಲಾರೆ.

ಅಷ್ಟು ಕಷ್ಟ ಇದ್ರೆ ಓಡಿ ಹೋಗಬಹುದಿತ್ತಲ್ಲ?

ಓಡಿದರು. ಮುಳ್ಳುತಂತಿ, ಕಾವಲು ಗೋಪುರ, ನಾಯಿಗಳು, ತಂತಿ ಮುಟ್ಟಿದರೆ ಸದ್ದು ಮಾಡುವ ಯಂತ್ರಗಳನ್ನು ದಾಟಿಯೂ ಓಡಿದರು. ದಾಟಿದ ಮೇಲೆ? ಸ್ಪ್ಯಾನಿಷ್ ಬಾರದು. ಕೈಯಲ್ಲಿ ಪಾಸ್‌ಪೋರ್ಟ್ ಇಲ್ಲ, ದುಡ್ಡು ಎಂದೂ ಮುಟ್ಟಿದ್ದೇ ಇಲ್ಲ. ದಾರಿಯಲ್ಲಿ ಸಿಗುವ ಪೊಲೀಸ್ ಪೇದೆ ವಸಾಹತಿಗೇ ಫೋನ್ ಮಾಡುತ್ತಾನೆ.

ಒಬ್ಬ ಹುಡುಗನ ಕಥೆ ಚೆನ್ನಾಗಿ ದಾಖಲಾಗಿದೆ. ಎರಡು ಸಲ ಓಡಿದ, ಎರಡು ಸಲವೂ ಹಿಡಿದು ತಂದರು. ಆಮೇಲೆ ಅವನಿಗೆ ಹಗಲು ಕೆಂಪು ಬಟ್ಟೆ, ರಾತ್ರಿ ಬಿಳಿ ಬಟ್ಟೆ. ಹಸಿರು ಹೊಲದಲ್ಲೂ ಕಾಣಬೇಕು, ಕತ್ತಲಲ್ಲೂ ಕಾಣಬೇಕು ಅಂತ. 1966ರಲ್ಲಿ ಮೂರನೇ ಸಲ ಓಡಿ ಸ್ಯಾಂಟಿಯಾಗೋ ಮುಟ್ಟಿದ. ಚಿಲಿಯ ಪತ್ರಿಕೆಗಳಲ್ಲಿ ದೊಡ್ಡ ಸುದ್ದಿಯಾಯಿತು. ಸಂಸತ್ತಿನ ಸಮಿತಿ ತನಿಖೆಯನ್ನೂ ನಡೆಸಿತು. ಕೊನೆಗೆ ಕೋರ್ಟು ಶಿಕ್ಷೆ ಕೊಟ್ಟದ್ದು ಯಾರಿಗೆ ಅಂತೀರಿ? ಮಾನಹಾನಿ ಮಾಡಿದ ಅಂತ ಆ ಹುಡುಗನಿಗೇ. ಅವನು ಜರ್ಮನಿಗೆ ಹೋಗಿ ತಪ್ಪಿಸಿಕೊಂಡ.

ಹಿಡಿದು ತಂದವರಿಗೆ, ತಕರಾರು ಮಾಡುವವರಿಗೆ ಒಳಗಿನ ಆಸ್ಪತ್ರೆಯಲ್ಲಿ ಮಂಪರು ಬರಿಸುವ ಔಷಧ, ವಿದ್ಯುತ್ ಶಾಕ್ ಕೊಡುತ್ತಿದ್ದರು. ವರ್ಷಗಳ ನೆನಪೇ ಅಳಿಸಿಹೋಗಿದೆ ಎನ್ನುವವರು ಇವತ್ತಿಗೂ ಇದ್ದಾರೆ.

ಧರ್ಮ ಅಂತ ಏನು ಬೋಧಿಸ್ತಿದ್ದ?

ನೋಡೋಕೆ ಹೋದರೆ ಬಹಳ ಕಡಿಮೆ. ಶುರುವಿನಲ್ಲಿ, ಪವಾಡದಿಂದ ರೋಗ ವಾಸಿಮಾಡುತ್ತೇನೆ ಎನ್ನುತ್ತಿದ್ದ ಅಮೆರಿಕದ ಬೋಧಕ ವಿಲಿಯಂ ಬ್ರಾನ್‌ಹ್ಯಾಮ್‌ನ ಪ್ರಭಾವ ಗುಂಪಿನ ಮೇಲಿತ್ತು. ಲೋಕ ಕೆಟ್ಟಿದೆ, ಅಂತ್ಯ ಹತ್ತಿರ, ನಾವು ಆರಿಸಲ್ಪಟ್ಟವರು ಎಂಬ ಮಾತು. ವರ್ಷಗಳು ಕಳೆದಂತೆ ಬೈಬಲ್ ಓದುವುದು ಕಡಿಮೆಯಾಗಿ ಷೇಫರ್ ಮಾತೇ ವಾಕ್ಯವಾಯಿತು. ಉಳಿದುಕೊಂಡದ್ದು ಎರಡೇ: ದುಡಿಮೆಯೇ ದೇವರ ಸೇವೆ, ಮತ್ತು ತಪ್ಪೊಪ್ಪಿಗೆ.

## ಬೇಲಿಯ ಆಚೆ

ಸುತ್ತಮುತ್ತಲ ಹಳ್ಳಿಯವರಿಗೆ ಗೊತ್ತೇ ಇರಲಿಲ್ವಾ?

ಗುಸುಗುಸು ಇತ್ತು. ಆದರೆ ಆಸ್ಪತ್ರೆಯೂ ಇತ್ತು. 1960ರ ದಶಕದ ಆ ಗುಡ್ಡಗಾಡಿನಲ್ಲಿ ಹೆರಿಗೆಗೋ ಮುರಿದ ಕಾಲಿಗೋ ಮೈಲಿಗಟ್ಟಲೆ ಬೇರೆ ಡಾಕ್ಟರೇ ಇಲ್ಲ. ಇಲ್ಲಿ ಸ್ವಚ್ಛ ಹಾಸಿಗೆ, ಔಷಧ, ಮಗುವಿಗೆ ಹಾಲು, ಎಲ್ಲ ಬಿಟ್ಟಿ. ಅದರ ಖರ್ಚಿಗೆ ಸರ್ಕಾರದ ಹಣ ಬರುತ್ತಿತ್ತು ಎಂಬುದು ಹಳ್ಳಿಯವರಿಗೆ ಗೊತ್ತಿಲ್ಲದ ವಿಷಯ. ನಿಮ್ಮ ಮಗುವನ್ನು ಉಳಿಸಿದವರ ಬಗ್ಗೆ ಯಾರೋ ಕೆಟ್ಟದ್ದು ಹೇಳಿದರೆ ನೀವು ನಂಬ್ತೀರಾ? 1990ರ ದಶಕದಲ್ಲಿ ಪೊಲೀಸರು ದಾಳಿ ಮಾಡಿದಾಗ ವಸಾಹತಿನ ಪರ ಪ್ರತಿಭಟನೆಗೆ ಕೂತವರಲ್ಲಿ ಇದೇ ಹಳ್ಳಿಯವರಿದ್ದರು.

ಇದೇ ಆಸ್ಪತ್ರೆಗೆ ಇನ್ನೊಂದು ಮುಖವೂ ಇದೆ. ಚಿಕಿತ್ಸೆಗೆ ಬಂದ ಕೆಲವು ಚಿಲಿ ಕೂಸುಗಳು ಮನೆಗೆ ಮರಳಲೇ ಇಲ್ಲ. ಅಕ್ಷರ ಬಾರದ ತಾಯಂದಿರ ಹೆಬ್ಬೆಟ್ಟು ಒತ್ತಿಸಿಕೊಂಡೋ, ಅದೂ ಇಲ್ಲದೆಯೋ ದತ್ತು ಕಾಗದ ಮಾಡಿಸಿ, ಜರ್ಮನ್ ಹೆಸರಿಟ್ಟು ಒಳಗೇ ಬೆಳೆಸಿದರು.

ಪಿನೊಚೆಗೂ ಇದಕ್ಕೂ ಏನು ಸಂಬಂಧ?

1970ರಲ್ಲಿ ಸಮಾಜವಾದಿ ಸಾಲ್ವಡೋರ್ ಅಯೆಂದೆ ಚಿಲಿಯ ಅಧ್ಯಕ್ಷರಾದರು. ದೊಡ್ಡ ಜಮೀನುಗಳು ಸರ್ಕಾರದ ಪಾಲಾಗತೊಡಗಿದವು. ವಸಾಹತು ಬೆದರಿತು. ಬಲಪಂಥೀಯ ಸಶಸ್ತ್ರ ಗುಂಪುಗಳ ಜೊತೆ ಕೈಜೋಡಿಸಿ ಆಯುಧ ಕೂಡಿಡಲು ಶುರುಮಾಡಿತು. 1973ರ ಸೆಪ್ಟೆಂಬರ್ 11ರಂದು ಸೇನೆ ಅಯೆಂದೆಯವರನ್ನು ಉರುಳಿಸಿತು. ಆಗಸ್ಟೊ ಪಿನೊಚೆ ಸರ್ವಾಧಿಕಾರಿಯಾದ.

ಅವನ ರಹಸ್ಯ ಪೊಲೀಸ್ ಪಡೆಯ ಹೆಸರು 'ಡಿನಾ', ಅದರ ಮುಖ್ಯಸ್ಥ ಮಾನ್ಯುಯೆಲ್ ಕಾಂಟ್ರೆರಾಸ್. ಯಾರೂ ಕಾಲಿಡದ, ಸ್ವಂತ ವಿಮಾನ ಪಟ್ಟಿ ಮತ್ತು ರೇಡಿಯೊ ಇರುವ ಜಾಗ ಅವನಿಗೆ ಬೇಕಿತ್ತು. ಷೇಫರ್‌ಗೆ ರಕ್ಷಣೆ ಬೇಕಿತ್ತು. ಇಬ್ಬರಿಗೂ ಸರಿಹೋಯಿತು. ಪಿನೊಚೆ 1974ರಲ್ಲಿ ತಾನೇ ಬಂದು ನೋಡಿಕೊಂಡು ಹೋದ.

ಕೈದಿಗಳನ್ನು ಇಟ್ಟ ಜಾಗಗಳಲ್ಲಿ ಒಂದು ಆಲೂಗಡ್ಡೆ ಗೋದಾಮು. ಕಣ್ಣಿಗೆ ಪಟ್ಟಿ ಕಟ್ಟಿ, ಕಬ್ಬಿಣದ ಮಂಚಕ್ಕೆ ಬಿಗಿದು, ವಿದ್ಯುತ್ ಹರಿಸುತ್ತಿದ್ದರು. ಬದುಕಿ ಬಂದವರಿಗೆ ಕೋಣೆ ಕಂಡಿರಲಿಲ್ಲ, ಆದರೆ ಜರ್ಮನ್ ಉಚ್ಚಾರಣೆಯ ಸ್ಪ್ಯಾನಿಷ್ ಕೇಳಿಸಿತ್ತು. ಸುಮಾರು ನೂರು ಜನ ಇಲ್ಲಿ ಸತ್ತಿರಬಹುದು ಎಂಬುದು ಮಾನವ ಹಕ್ಕು ಸಂಘಟನೆಗಳ ಅಂದಾಜು. 1978ರಲ್ಲಿ, ತನಿಖೆ ಆಗಬಹುದು ಎಂಬ ಭಯಕ್ಕೆ, ಹೂತಿದ್ದ ಹೆಣಗಳನ್ನು ತೆಗೆದು ನಾಶಮಾಡಲು ದೇಶದಾದ್ಯಂತ ಆದೇಶ ಹೋಯಿತು. ಆ ಕೆಲಸಕ್ಕೆ ಅವರು ಇಟ್ಟ ಗುಪ್ತ ಹೆಸರು 'ಟಿವಿ ತೆರವು'. ವಸಾಹತಿನವರೇ ಆಮೇಲೆ ಒಪ್ಪಿಕೊಂಡ ಪ್ರಕಾರ, ಇಲ್ಲಿ ಹೆಣಗಳನ್ನು ಅಗೆದು ಸುಟ್ಟು, ಬೂದಿಯನ್ನು ಪೆರ್ಕಿಲಾಕೆನ್ ನದಿಗೆ ಸುರಿದರು.

ಜರ್ಮನ್ ಎಂಬೆಸಿ ಇತ್ತಲ್ಲ, ಅವರೇನು ಮಾಡ್ತಿದ್ರು?

ಕೇಕು ತಿನ್ನುತ್ತಿದ್ದರು ಅಂತ ಒಮ್ಮೊಮ್ಮೆ ಸಿಟ್ಟಿಗೆ ಹೇಳಿಬಿಡುತ್ತೇನೆ. ಪೂರ್ತಿ ಸುಳ್ಳೂ ಅಲ್ಲ. ವಸಾಹತಿನ ಬ್ರೆಡ್ಡು, ಸಾಸೇಜು ಜರ್ಮನ್ ಬಳಗದಲ್ಲಿ ಹೆಸರುವಾಸಿ. ಅಧಿಕಾರಿಗಳು ಅತಿಥಿಗಳಾಗಿ ಹೋಗಿ ಮಕ್ಕಳ ಹಾಡು ಕೇಳಿ ಹೊಗಳಿ ಬಂದರು. ಓಡಿಬಂದು ಸಹಾಯ ಕೇಳಿದ ಜರ್ಮನ್ ಪ್ರಜೆಗಳಿಗೆ ಆಸರೆ ಸಿಗಲಿಲ್ಲ. ಕೆಲವರನ್ನು ಮತ್ತೆ ಅದೇ ಬೇಲಿಯೊಳಕ್ಕೆ ಕಳಿಸಲಾಯಿತು.

ಇದನ್ನು ಬಾಯಿಬಿಟ್ಟು ಒಪ್ಪಿಕೊಳ್ಳಲು 2016 ಬರಬೇಕಾಯಿತು. ಆಗ ವಿದೇಶಾಂಗ ಸಚಿವರಾಗಿದ್ದ ಫ್ರಾಂಕ್ ವಾಲ್ಟರ್ ಸ್ಟೈನ್‌ಮೈಯರ್, ನಮ್ಮ ರಾಜತಾಂತ್ರಿಕರು ವರ್ಷಗಟ್ಟಲೆ ಕಣ್ಣು ತಿರುಗಿಸಿಕೊಂಡಿದ್ದರು ಎಂದು ಹೇಳಿ, ಇಲಾಖೆಯ ಇನ್ನಷ್ಟು ಕಡತಗಳನ್ನು ಅವಧಿಗೆ ಮೊದಲೇ ತೆರೆಸಿದರು.

ಯಾರೂ ಬರೆಯಲೇ ಇಲ್ವಾ?

ಬರೆದರು, ಅದಕ್ಕೆ ಬೆಲೆಯನ್ನೂ ತೆತ್ತರು. 1977ರಲ್ಲಿ ಆಮ್ನೆಸ್ಟಿ ಇಂಟರ್‌ನ್ಯಾಷನಲ್‌ನ ಜರ್ಮನ್ ಶಾಖೆ, ಇದು ರಹಸ್ಯ ಪೊಲೀಸರ ಹಿಂಸಾ ಶಿಬಿರ ಎಂದು ಕಿರುಹೊತ್ತಿಗೆ ತಂದಿತು. ಒಂದು ಜರ್ಮನ್ ವಾರಪತ್ರಿಕೆಯೂ ಬರೆಯಿತು. ವಸಾಹತು ಬಾನ್ ಕೋರ್ಟಿಗೆ ಹೋಗಿ ತಡೆ ತಂದಿತು. ಆ ಕೇಸು ಮುಗಿದದ್ದು 1997ರಲ್ಲಿ. ಇಪ್ಪತ್ತು ವರ್ಷ! ಅಷ್ಟರಲ್ಲಿ ಒಳಗೆ ಇನ್ನೊಂದು ತಲೆಮಾರು ಬೆಳೆದುಬಿಟ್ಟಿತ್ತು.

ಒಬ್ಬ ಗಣಿತಜ್ಞ ಅಲ್ಲಿ ಕಾಣೆಯಾದನಂತಲ್ಲ?

ಬೋರಿಸ್ ವೈಸ್‌ಫೈಲರ್. ಸೋವಿಯತ್ ಒಕ್ಕೂಟದಲ್ಲಿ ಹುಟ್ಟಿ ಅಮೆರಿಕದ ಪ್ರಜೆಯಾದವರು, ಪೆನ್ಸಿಲ್ವೇನಿಯಾ ಸ್ಟೇಟ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ. ಒಬ್ಬರೇ ಬೆನ್ನಿಗೆ ಚೀಲ ಹಾಕಿಕೊಂಡು ಬೆಟ್ಟ ಸುತ್ತುವ ಹುಚ್ಚು. 1985ರ ಜನವರಿ ಮೊದಲ ವಾರ ವಸಾಹತಿಗೆ ಹತ್ತಿರದ ಬೆಟ್ಟಗಳಲ್ಲಿ ಕಣ್ಮರೆಯಾದರು. ಹೊಳೆಯಲ್ಲಿ ಮುಳುಗಿದರು ಎಂದು ಚಿಲಿ ಹೇಳಿತು. ಅವರನ್ನು ಹಿಡಿದು ವಸಾಹತಿಗೆ ಒಪ್ಪಿಸಲಾಯಿತು ಎಂಬ ಒಬ್ಬ ಮಾಹಿತಿದಾರನ ಹೇಳಿಕೆ, ಅಮೆರಿಕ 2000ದಲ್ಲಿ ಬಿಡುಗಡೆ ಮಾಡಿದ ಕಡತಗಳಲ್ಲಿದೆ. ದೇಹ ಸಿಕ್ಕಿಲ್ಲ.

## ಕುಸಿತ, ಕೋರ್ಟು, ಆಮೇಲೆ

ಪ್ರಜಾಪ್ರಭುತ್ವ ವಾಪಸ್ ಬಂದ ಮೇಲೂ ಯಾಕೆ ಮುಚ್ಚಲಿಲ್ಲ?

ಮುಚ್ಚಲು ನೋಡಿದರು. 1984ರ ಕೊನೆಗೆ ಹ್ಯೂಗೊ ಬಾರ್ ತಾನೇ ತಪ್ಪಿಸಿಕೊಂಡು ಹೊರಬಂದು ಬಾಯಿಬಿಟ್ಟಿದ್ದ. ಹೌದು, ಜನರನ್ನು ಕರೆತಂದ ಅದೇ ಬೋಧಕ. 1988ರಲ್ಲಿ ಜರ್ಮನ್ ಸಂಸತ್ತು ವಿಚಾರಣೆ ನಡೆಸಿತು. 1990ರಲ್ಲಿ ಪಿನೊಚೆ ಕುರ್ಚಿ ಬಿಟ್ಟ. 1991ರಲ್ಲಿ ಅಧ್ಯಕ್ಷ ಪ್ಯಾಟ್ರಿಸಿಯೊ ಐಲ್ವಿನ್ ಸಂಸ್ಥೆಯ ಮಾನ್ಯತೆಯನ್ನೇ ರದ್ದು ಮಾಡಿದರು. ಅಷ್ಟರಲ್ಲಿ ಆಸ್ತಿಯೆಲ್ಲ ತಮ್ಮದೇ ಜನರ ಹೆಸರಿನ ಕಂಪನಿಗಳಿಗೆ ವರ್ಗವಾಗಿತ್ತು. ಊರಿಗೆ 'ವಿಲ್ಲಾ ಬವಿಯೆರಾ' ಎಂಬ ಹೊಸ ಹೆಸರು ಬಂತು. ಬೋರ್ಡು ಬದಲಾಯಿತು, ಬೇಲಿ ಅಲ್ಲೇ ಇತ್ತು.

ಒಳಗೆ ಹೊಸ ಮಕ್ಕಳು ಹುಟ್ಟುತ್ತಿರಲಿಲ್ಲವಲ್ಲ, ಷೇಫರ್ ಈಗ ಸುತ್ತಲಿನ ಬಡ ಚಿಲಿ ಮನೆಗಳ ಗಂಡುಮಕ್ಕಳಿಗೆ ಪುಕ್ಕಟೆ ವಸತಿ ಶಾಲೆ ತೆರೆದ. ಅಲ್ಲೇ ಅವನು ಸಿಕ್ಕಿಬಿದ್ದದ್ದು. 1996ರಲ್ಲಿ ಒಬ್ಬ ಹುಡುಗ, ನನ್ನನ್ನು ಇಲ್ಲಿಂದ ಕರೆದುಕೊಂಡು ಹೋಗು ಎಂದು ಅಮ್ಮನಿಗೆ ಗುಟ್ಟಾಗಿ ಚೀಟಿ ಕಳಿಸಿದ. ಆ ತಾಯಿ ಊರ ಪೊಲೀಸರನ್ನು ನಂಬಲಿಲ್ಲ. ಮಗನನ್ನು ಹೊರಗೆ ತಂದು ನೇರ ಸ್ಯಾಂಟಿಯಾಗೋ ಪತ್ತೇದಾರರ ಹತ್ತಿರ ಹೋದಳು. ಎರಡು ಸರ್ಕಾರ, ಒಂದು ಎಂಬೆಸಿ, ಎಷ್ಟೋ ಸಮಿತಿಗಳು ಮೂವತ್ತು ವರ್ಷದಲ್ಲಿ ಮಾಡದ ಕೆಲಸ ಅದು.

ಷೇಫರ್ ಸಿಕ್ಕಿದ್ದು ಹೇಗೆ?

ಆ ತಾಯಿಯ ದೂರಿನ ಮೇಲೆ ಚಿಲಿಯಲ್ಲಿ ವಾರಂಟ್ ಹೊರಟಿತು, ಪೊಲೀಸರು ಹತ್ತಾರು ಸಲ ದಾಳಿ ಮಾಡಿದರು. ನೆಲದಡಿಯ ಬಂಕರುಗಳಿದ್ದ ಜಾಗದಲ್ಲಿ ಒಬ್ಬನನ್ನು ಹುಡುಕುವುದು ಸುಲಭವಲ್ಲ. 1997ರಲ್ಲಿ ಅವನು ದೇಶ ಬಿಟ್ಟು ಅರ್ಜೆಂಟೀನಾ ಸೇರಿದ. 2005ರ ಮಾರ್ಚ್ 10ರಂದು ಬ್ಯೂನಸ್ ಐರಿಸ್ ಹೊರವಲಯದ ಒಂದು ಮನೆಯಲ್ಲಿ ಸಿಕ್ಕಿಬಿದ್ದ. ಚಿಲಿಯ ಟಿವಿ ಪತ್ರಕರ್ತರು ಅವನ ಜಾಡು ಹಿಡಿದಿದ್ದರು. 2006ರಲ್ಲಿ 25 ಮಕ್ಕಳ ಮೇಲಿನ ದೌರ್ಜನ್ಯಕ್ಕೆ 20 ವರ್ಷ ಶಿಕ್ಷೆಯಾಯಿತು. ಆಯುಧಗಳ ಕೇಸಿನಲ್ಲಿ ಇನ್ನಷ್ಟು. 2010ರ ಏಪ್ರಿಲ್ 24ರಂದು, 88ನೇ ವಯಸ್ಸಿನಲ್ಲಿ, ಸ್ಯಾಂಟಿಯಾಗೋ ಜೈಲಿನಲ್ಲಿ ಹೃದಯದ ಕಾಯಿಲೆಯಿಂದ ಸತ್ತ.

ನೆಲದಡಿ ಏನೇನೋ ಸಿಕ್ತಂತೆ?

2005ರಲ್ಲಿ ಅಗೆದಾಗ ಮಷೀನ್ ಗನ್‌ಗಳು, ರಾಕೆಟ್ ಲಾಂಚರ್‌ಗಳು, ಗ್ರೆನೇಡುಗಳು ಸಿಕ್ಕವು. ಒಂದು ಸೇವಾ ಸಂಸ್ಥೆಯ ಹೊಲದಲ್ಲಿ! ನನ್ನ ಮಟ್ಟಿಗೆ ಅದಕ್ಕಿಂತ ದೊಡ್ಡದು ಸುಮಾರು 45,000 ಕಾರ್ಡುಗಳ ಕಡತ. ಎಡಪಂಥೀಯರು, ರಾಜಕಾರಣಿಗಳು, ಕೈದಿಗಳ ಬಗ್ಗೆ ಟೈಪ್ ಮಾಡಿಟ್ಟ ಮಾಹಿತಿ. ಕಾಣೆಯಾದವರ ಮನೆಯವರು ಎಷ್ಟೋ ವರ್ಷ ಕೇಳಿದ ಪ್ರಶ್ನೆಗಳ ಉತ್ತರದ ಚೂರುಗಳು ಅದರಲ್ಲಿದ್ದವು.

ಜೊತೆಗಿದ್ದವರಿಗೆ ಶಿಕ್ಷೆ ಆಯ್ತಾ?

ಕೆಲವರಿಗೆ. 2013ರಲ್ಲಿ ಚಿಲಿಯ ಸುಪ್ರೀಂ ಕೋರ್ಟ್ ಹಲವು ಸಹಚರರ ಶಿಕ್ಷೆಯನ್ನು ಎತ್ತಿಹಿಡಿದು ಜೈಲಿಗೆ ಕಳಿಸಿತು. ಷೇಫರ್‌ನ ಬಲಗೈಯಂತಿದ್ದ ಡಾಕ್ಟರ್ ಹಾರ್ಟ್‌ಮುಟ್ ಹಾಪ್‌ಗೂ ಐದು ವರ್ಷ ಆಗಿತ್ತು. ಆದರೆ ಅವನು 2011ರಲ್ಲೇ ಜರ್ಮನಿಗೆ ಹಾರಿ ಕ್ರೇಫೆಲ್ಡ್ ಊರಲ್ಲಿ ಮನೆ ಮಾಡಿದ್ದ. ಜರ್ಮನಿ ತನ್ನ ಪ್ರಜೆಯನ್ನು ಚಿಲಿಗೆ ಒಪ್ಪಿಸುವುದಿಲ್ಲ. ಆ ಶಿಕ್ಷೆಯನ್ನು ಅಲ್ಲೇ ಜಾರಿಮಾಡಬಹುದು ಎಂದು ಕ್ರೇಫೆಲ್ಡ್ ಕೋರ್ಟು 2017ರಲ್ಲಿ ಹೇಳಿತು. ಮರುವರ್ಷ ಡ್ಯೂಸೆಲ್‌ಡಾರ್ಫ್ ಮೇಲಿನ ಕೋರ್ಟು ಅದನ್ನು ತಳ್ಳಿಹಾಕಿತು. 2019ರಲ್ಲಿ ಜರ್ಮನಿಯ ತನಿಖೆಯೂ ಮುಗಿಯಿತು, ಆರೋಪಪಟ್ಟಿ ಇಲ್ಲದೆ.

ಬೇಲಿ ಕಾದವನೂ ಚಿಕ್ಕವನಿದ್ದಾಗ ಬಲಿಯಾದವನೇ ಅಲ್ವಾ? ಅವನನ್ನು ಏನಂತ ಕರೆಯೋದು?

ಈ ಪ್ರಶ್ನೆ ಕೇಳಿದವರು ಒಬ್ಬ ನಿವೃತ್ತ ಮೇಷ್ಟ್ರು. ನಾನು ತಕ್ಷಣ ಉತ್ತರ ಕೊಡಲಿಲ್ಲ. ಹತ್ತು ವರ್ಷದವನಾಗಿ ಇಲ್ಲಿಗೆ ಬಂದು, ಷೇಫರ್ ಕೈಯಲ್ಲಿ ನಲುಗಿ, ಇಪ್ಪತ್ತೈದಕ್ಕೆ ಕೈದಿಗಳಿಗೆ ಕಾವಲು ನಿಂತವರು ಇದ್ದಾರೆ. ಚಿಲಿಯಲ್ಲಿ ಕಾಣೆಯಾದವರ ಬಂಧುಗಳಿಗೆ ಅವನು ಸತ್ಯ ಮುಚ್ಚಿಟ್ಟ ಜರ್ಮನ್. ಅವನಿಗೆ ತಾನು ಬಾಲ್ಯವೇ ಇಲ್ಲದವನು. ಇಬ್ಬರ ಮಾತೂ ನಿಜ. ಕೋರ್ಟಿಗೆ ಬೇಕಾದ್ದು ಅವನು ದೊಡ್ಡವನಾದ ಮೇಲೆ ಮಾಡಿದ್ದು, ಅಷ್ಟೇ. ನಾನೂ ಆ ಕಡೆಗೇ ವಾಲುತ್ತೇನೆ. ಹೆಣಗಳನ್ನು ಎಲ್ಲಿ ಸುಟ್ಟೆವು ಎಂದು ಕೊನೆಗೆ ತೋರಿಸಿಕೊಟ್ಟವರೂ ಇಂಥವರೇ ಎಂಬುದನ್ನು ಮಾತ್ರ ಮರೆಯಲಾರೆ.

2006ರಲ್ಲಿ ಉಳಿದ ನಿವಾಸಿಗಳು ಚಿಲಿಯ ಪತ್ರಿಕೆಯಲ್ಲಿ ಬಹಿರಂಗ ಪತ್ರ ಹಾಕಿ ಕ್ಷಮೆ ಕೇಳಿದರು.

ಪರಿಹಾರ ಏನಾದ್ರೂ ಸಿಕ್ತಾ?

ಜರ್ಮನ್ ಸಂಸತ್ತು 2017ರಲ್ಲಿ ಒಮ್ಮತದ ನಿರ್ಣಯ ಮಾಡಿತು. 2019ರಲ್ಲಿ ಒಬ್ಬರಿಗೆ 10,000 ಯೂರೊವರೆಗೆ ಕೊಡುವ ಯೋಜನೆ ಬಂತು. ನಲವತ್ತು ವರ್ಷ ಕೂಲಿಯಿಲ್ಲದೆ ದುಡಿದವರಿಗೆ, ಪಿಂಚಣಿ ಖಾತೆಯಲ್ಲಿ ಒಂದು ಪೈಸೆ ಇಲ್ಲದವರಿಗೆ. ಲೆಕ್ಕ ನೀವೇ ಹಾಕಿ. ಅಲ್ಲಿ ಚಿತ್ರಹಿಂಸೆ ಅನುಭವಿಸಿದ ಚಿಲಿ ಕೈದಿಗಳು ಈ ಯೋಜನೆಯಲ್ಲಿ ಸೇರಿರಲಿಲ್ಲ.

ಸಿನಿಮಾ ನೋಡಿದೆ. ಅದೆಲ್ಲ ನಿಜಾನಾ?

2015ರಲ್ಲಿ ಬಂದ 'ಕೊಲೊನಿಯಾ' ಸಿನಿಮಾವನ್ನು ಕೇಳುತ್ತಿದ್ದೀರಿ ಅಂದುಕೊಳ್ಳುತ್ತೇನೆ. ಜಾಗ, ಷೇಫರ್, ಡಿನಾ ನಂಟು ನಿಜ. ಪ್ರೇಮಿಗಳು ಮತ್ತು ಅವರ ಪಲಾಯನ ಕಲ್ಪನೆ. ಹುಡುಗಿಯೊಬ್ಬಳು ಹೊರಗಿಂದ ಸುಮ್ನೆ ಹೋಗಿ ಸೇರಿಕೊಳ್ಳುವಷ್ಟು ತೆರೆದ ಬಾಗಿಲೂ ಅದಾಗಿರಲಿಲ್ಲ.

ಈಗ ಅಲ್ಲಿ ಹೋಟೆಲ್ ಇದೆಯಂತೆ. ಹೋಗಬಹುದಾ?

ಷೇಫರ್ ಹೋದ ಮೇಲೆ ಬೇಲಿ ತೆರೆಯಿತು. ಅನೇಕರು ಜರ್ಮನಿಗೆ ಮರಳಿದರು. ನೂರರ ಆಸುಪಾಸು ಜನ ಉಳಿದುಕೊಂಡರು. ಹೊಟ್ಟೆಪಾಡಿಗೆ ಹೋಟೆಲ್, ರೆಸ್ಟೋರೆಂಟ್ ಶುರುಮಾಡಿದರು. ಬಿಯರ್ ಹಬ್ಬವೂ ನಡೆಯಿತು. ತಮ್ಮವರ ಬೂದಿ ಬಿದ್ದ ನದಿಯ ಪಕ್ಕದಲ್ಲಿ ಜನ ಬಿಯರ್ ಕುಡಿದು ಕುಣಿಯುವುದನ್ನು ನೋಡಿ ಕಾಣೆಯಾದವರ ಬಂಧುಗಳು ಗೇಟಿನ ಮುಂದೆ ಫೋಟೊ ಹಿಡಿದು ನಿಂತರು.

2024ರ ಜೂನ್‌ನಲ್ಲಿ ಅಧ್ಯಕ್ಷ ಗೇಬ್ರಿಯಲ್ ಬೋರಿಕ್, ಇಲ್ಲಿನ ಒಂದು ಭಾಗವನ್ನು ವಶಕ್ಕೆ ತೆಗೆದುಕೊಂಡು ಸ್ಮಾರಕ ಮಾಡುತ್ತೇವೆ ಎಂದು ಘೋಷಿಸಿದರು. ಮುಂದಿನ ವರ್ಷ ಗುರುತಿಸಿದ್ದು ಸುಮಾರು 117 ಹೆಕ್ಟೇರ್, ಹೆಚ್ಚಿನ ಕಟ್ಟಡಗಳು ಅದರೊಳಗೇ ಬರುತ್ತವೆ. ಅಲ್ಲಿ ಈಗಲೂ ವಾಸಿಸುವ ವಯಸ್ಸಾದವರು ಎದ್ದು ನಿಂತರು: ಚಿಕ್ಕಂದಿನಲ್ಲಿ ನಮ್ಮ ಮೈಯನ್ನೂ ದುಡಿಮೆಯನ್ನೂ ಕಿತ್ತುಕೊಂಡಿರಿ, ಈಗ ಮನೆಯನ್ನೂ ಕಿತ್ತುಕೊಳ್ಳುತ್ತೀರಾ ಎಂಬ ಧಾಟಿಯಲ್ಲಿ. ಗೇಟಿನ ಮುಂದೆ ಫೋಟೊ ಹಿಡಿದವರಿಗೆ ಬೇಕಾದ್ದೂ ಇದೇ ಕಟ್ಟಡಗಳೇ.

ಹೋಗುವುದಾದರೆ ಹೋಗಿ. ಊಟದ ಮನೆಗಿಂತ ಮೊದಲು ಆಲೂಗಡ್ಡೆ ಗೋದಾಮು ಎಲ್ಲಿದೆ ಅಂತ ಕೇಳಿ.